ಅಡಗಿ ಕೂರುವ ಗುಣಗಳು: ಕಾಫಿ ತೋಟದಲ್ಲಿ, ನಮ್ಮ ಮನೆಗಳಲ್ಲಿ

ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರದ ಕಡೆ ಕಾಫಿ ತೋಟ ಇರುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಅರೇಬಿಕಾ ಕಾಫಿಯ ಒಳ್ಳೆ ಗಿಡ ನೋಡಿ, ಬೀಜ ಹಿಡಿದು ನರ್ಸರಿ ಹಾಕಿದರೆ ಹೆಚ್ಚಿನ ಸಸಿಗಳು ತಾಯಿ ಗಿಡದ ಹಾಗೇ ಬೆಳೆಯುತ್ತವೆ. ಅದೇ ಕೆಲಸವನ್ನು ರೋಬಸ್ಟಾ ಅನ್ನುವ ಇನ್ನೊಂದು ಕಾಫಿ ಜಾತಿಯಲ್ಲಿ ಮಾಡಿದರೆ ಲೆಕ್ಕ ತಪ್ಪುತ್ತದೆ. ಒಂದು ಗಿಡ ರೆಕ್ಕೆ (ಅಡ್ಡ ಕೊಂಬೆ) ಬಾಗುವಷ್ಟು ಹಣ್ಣು ಬಿಡುತ್ತದೆ, ಪಕ್ಕದ್ದರಲ್ಲಿ ಬರೀ ಎಲೆ. ಒಂದರ ಕಾಳು ದಪ್ಪ, ಇನ್ನೊಂದರದು ಸಣ್ಣ. ಗೊಬ್ಬರ ಒಂದೇ, ನೆರಳು ಒಂದೇ, ಬೀಜ ಕೊಟ್ಟ ಗಿಡವೂ ಒಂದೇ. ಮತ್ತೆ ಯಾಕೆ ಹೀಗೆ?

ಇದಕ್ಕೆ ಉತ್ತರ ಗೊತ್ತಾದರೆ ಮನೆಯೊಳಗಿನ ಎಷ್ಟೋ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಅಪ್ಪನದು ಎ ಗುಂಪಿನ ರಕ್ತ, ಅಮ್ಮನದು ಬಿ, ಮಗುವಿನದು ಓ ಆಗಿದ್ದು ಹೇಗೆ? ಗಟ್ಟಿಮುಟ್ಟಾದ ಗಂಡ ಹೆಂಡತಿಗೆ ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆ ಇರುವ ಮಗು ಹುಟ್ಟಿದ್ದು ಯಾಕೆ? ಸೋದರಮಾವನ ಜೊತೆ ಮದುವೆ ಬೇಡ ಅಂತ ಡಾಕ್ಟರ್ ಹೇಳುವುದು ಯಾವ ಲೆಕ್ಕದ ಮೇಲೆ?

ಹಿಂದಿನವರು ತಂದೆಯ ಗುಣ, ತಾಯಿಯ ಗುಣ ಎರಡೂ ಬೆರೆತು ಮಗು ಆಗುತ್ತದೆ ಅಂದುಕೊಂಡಿದ್ದರು. ಡಿಕಾಕ್ಷನ್‌ಗೆ ಹಾಲು ಹಾಕಿದ ಹಾಗೆ. ಒಮ್ಮೆ ಬೆರೆತ ಮೇಲೆ ಹಾಲನ್ನು ಬೇರೆ, ಡಿಕಾಕ್ಷನ್ ಬೇರೆ ಮಾಡಲು ಆಗುತ್ತಾ? ಆಗುವುದಿಲ್ಲ. ಆದರೆ ಅಜ್ಜನಲ್ಲಿದ್ದ ಗುಣ ಅಪ್ಪನಲ್ಲಿ ಕಾಣದೆ ಮೊಮ್ಮಗನಲ್ಲಿ ಹಾಗೇ ಎದ್ದು ಬರುವುದನ್ನು ನಾವೆಲ್ಲ ನೋಡಿದ್ದೇವೆ. ಬೆರೆತು ಹೋಗಿದ್ದರೆ ಅದು ಮತ್ತೆ ಹೊರಗೆ ಬರುವ ಹಾಗೇ ಇರಲಿಲ್ಲ. ಅಂದರೆ ಗುಣಗಳು ಬೆರೆಯುವುದಿಲ್ಲ. ಒಂದೊಂದೂ ತನ್ನಷ್ಟಕ್ಕೆ ಉಳಿದು, ಕೆಲವೊಮ್ಮೆ ಅಡಗಿ ಕೂತು, ಮುಂದಿನ ಪೀಳಿಗೆಗೆ ದಾಟುತ್ತವೆ. ಅನುವಂಶೀಯತೆಯ ಬೇರು ಇರುವುದು ಇಲ್ಲೇ.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಗ್ರೆಗರ್ ಮೆಂಡೆಲ್. ಈಗಿನ ಚೆಕ್ ದೇಶದ ಬರ್ನೋ ಊರಿನ ಮಠದಲ್ಲಿದ್ದ ಸನ್ಯಾಸಿ. 1856ರಿಂದ ಸುಮಾರು ಎಂಟು ವರ್ಷ ಮಠದ ತೋಟದಲ್ಲಿ ಬಟಾಣಿ ಬೆಳೆಸಿ, ಒಂದರ ಪರಾಗವನ್ನು ಇನ್ನೊಂದಕ್ಕೆ ಕೈಯಾರೆ ಮುಟ್ಟಿಸಿ, ಹುಟ್ಟಿದ್ದನ್ನೆಲ್ಲ ಎಣಿಸಿ ಬರೆದಿಟ್ಟರು. ದುಂಡು ಕಾಳಿನ ತಳಿಯನ್ನು ಸುಕ್ಕು ಕಾಳಿನ ತಳಿಗೆ ಕ್ರಾಸ್ ಮಾಡಿದಾಗ ಮೊದಲ ಪೀಳಿಗೆಯ ಕಾಳುಗಳೆಲ್ಲ ದುಂಡು. ಸುಕ್ಕು ಹೇಳಹೆಸರಿಲ್ಲ. ಆ ಕಾಳುಗಳನ್ನು ಬಿತ್ತಿ, ಗಿಡಗಳನ್ನು ಅವುಗಳ ಪಾಡಿಗೆ ಬಿಟ್ಟರು. ಎರಡನೇ ಪೀಳಿಗೆಯಲ್ಲಿ 7,324 ಕಾಳು ಸಿಕ್ಕವು. ಅವುಗಳಲ್ಲಿ 5,474 ದುಂಡು, 1,850 ಸುಕ್ಕು. ಹತ್ತಿರ ಹತ್ತಿರ ಮೂರಕ್ಕೆ ಒಂದು. ಬಟಾಣಿಯ ಏಳು ಗುಣಗಳಲ್ಲೂ ಇದೇ ಲೆಕ್ಕ ಬಂತು.

ಮೆಂಡೆಲ್ ಕೊಟ್ಟ ವಿವರಣೆ ತುಂಬಾ ಸರಳ. ಒಂದೊಂದು ಗುಣಕ್ಕೂ ಗಿಡದಲ್ಲಿ ಎರಡು ಪ್ರತಿ ಇರುತ್ತವೆ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಮುಂದಿನ ಪೀಳಿಗೆಗೆ ಕೊಡುವಾಗ ಎರಡರಲ್ಲಿ ಒಂದೇ ಹೋಗುತ್ತದೆ. ಯಾವುದು ಹೋಗುತ್ತದೆ ಅನ್ನುವುದು ಬರೀ ಅದೃಷ್ಟ, ಅರ್ಧಕ್ಕರ್ಧ. ದುಂಡಿನ ಪ್ರತಿ ಒಂದೇ ಇದ್ದರೂ ಕಾಳು ದುಂಡಗಾಗುತ್ತದೆ. ಸುಕ್ಕು ಕಾಣಬೇಕಾದರೆ ಎರಡೂ ಸುಕ್ಕೇ ಆಗಬೇಕು. ಎರಡೂ ಕಡೆಯಿಂದ ಸುಕ್ಕು ಬಂದು ಸೇರುವ ಸಾಧ್ಯತೆ ಅರ್ಧದಲ್ಲಿ ಅರ್ಧ, ಅಂದರೆ ನಾಲ್ಕರಲ್ಲಿ ಒಂದು. ಉಳಿದ ಮೂರು ದುಂಡು. ಒಂದೇ ಪ್ರತಿ ಇದ್ದರೂ ತೋರುವ ಗುಣ ಪ್ರಬಲ. ಎರಡೂ ಪ್ರತಿ ಸೇರಿದಾಗ ಮಾತ್ರ ತೋರುವುದು ದುರ್ಬಲ. 1866ರಲ್ಲಿ ಇದನ್ನು ಅಚ್ಚು ಹಾಕಿಸಿದರು. ಅದರ ಬೆಲೆ ಲೋಕಕ್ಕೆ ತಿಳಿದದ್ದು 1900ರಲ್ಲಿ. ಅಷ್ಟರಲ್ಲಿ ಮೆಂಡೆಲ್ ತೀರಿಕೊಂಡು ಹದಿನಾರು ವರ್ಷ ಆಗಿತ್ತು.

ಪ್ರಬಲ ಅಂದ ತಕ್ಷಣ ದೊಡ್ಡದು, ಗಟ್ಟಿ, ಒಳ್ಳೆಯದು ಅಂತ ತಿಳಿಯಬಾರದು. ಬಟಾಣಿಯಲ್ಲಿ ಎತ್ತರ ಪ್ರಬಲ, ಗಿಡ್ಡ ದುರ್ಬಲ. ಕಾಫಿಗೆ ಬನ್ನಿ, ಉಲ್ಟಾ. ನಮ್ಮ ತೋಟಗಳಲ್ಲಿರುವ ಕಾವೇರಿ ತಳಿ ಗಿಡ್ಡ ಜಾತಿಯದು. ಆ ಗಿಡ್ಡತನ ಬ್ರೆಜಿಲ್‌ನಲ್ಲಿ ಸಿಕ್ಕ ಕಟೂರಾ ಅನ್ನುವ ಅರೇಬಿಕಾದಿಂದ ಬಂದದ್ದು. ಅದು ಒಂದೇ ಒಂದು ಪ್ರಬಲ ಗುಣ. ಎತ್ತರದ ಅರೇಬಿಕಾಗೆ ಕಟೂರಾ ಕ್ರಾಸ್ ಮಾಡಿದರೆ ಮೊದಲ ಪೀಳಿಗೆ ಪೂರ್ತಿ ಗಿಡ್ಡ. ಎರಡನೇ ಪೀಳಿಗೆಯಲ್ಲಿ ನಾಲ್ಕಕ್ಕೊಂದರಂತೆ ಎತ್ತರದ ಗಿಡಗಳು ಮತ್ತೆ ತಲೆ ಎತ್ತುತ್ತವೆ.

ಎಲ್ಲ ಗುಣವೂ ಹೀಗೆ ಕಡ್ಡಿ ಮುರಿದ ಹಾಗೆ ಇರುವುದಿಲ್ಲ. ಕೆಲವು ಅರೇಬಿಕಾ ಗಿಡಗಳಲ್ಲಿ ಹಣ್ಣು ಮಾಗಿದಾಗ ಹಳದಿ. ಕೆಂಪು ಹಣ್ಣಿನದಕ್ಕೂ ಹಳದಿಯದಕ್ಕೂ ಕ್ರಾಸ್ ಮಾಡಿದರೆ ಮಕ್ಕಳ ಹಣ್ಣಿನ ಬಣ್ಣ ಎರಡರ ನಡುವೆ ನಿಲ್ಲುತ್ತದೆ. ಇಲ್ಲಿ ಬೆರೆತಿದೆ ಅನ್ನಿಸಬಹುದು. ಆದರೆ ಆ ಮಕ್ಕಳ ಬೀಜ ಹಾಕಿ ನೋಡಿ, ಅಚ್ಚ ಕೆಂಪೂ ಬರುತ್ತದೆ, ಅಚ್ಚ ಹಳದಿಯೂ ಬರುತ್ತದೆ. ಬಣ್ಣ ನಡುವಿನದಾಗಿ ಕಂಡರೂ ಒಳಗಿನ ಎರಡು ಪ್ರತಿಗಳು ಬೇರೆ ಬೇರೆಯಾಗೇ ಇದ್ದವು.

ಮೆಂಡೆಲ್ ಹೇಳಿದ ಈ ಪ್ರತಿಗಳನ್ನು ಇವತ್ತು ಜೀನ್ ಅನ್ನುತ್ತೇವೆ. ಅವು ಜೀವಕೋಶದೊಳಗೆ ಡಿಎನ್‌ಎಯ ಉದ್ದನೆಯ ಎಳೆಗಳಲ್ಲಿ, ಅಂದರೆ ಕ್ರೋಮೋಸೋಮ್‌ಗಳಲ್ಲಿ ಸಾಲಾಗಿ ಕೂತಿರುತ್ತವೆ. ಮನುಷ್ಯರಿಗೆ 46 ಕ್ರೋಮೋಸೋಮ್, 23 ಜೊತೆ. ರೋಬಸ್ಟಾಗೆ 22. ಅರೇಬಿಕಾಗೆ 44, ಯಾಕೆಂದರೆ ಅದು ಬಹಳ ಹಿಂದೆ ಎರಡು ಕಾಡು ಕಾಫಿಗಳು ತಾವಾಗೇ ಕ್ರಾಸ್ ಆಗಿ ಹುಟ್ಟಿದ್ದು. ಆ ಎರಡರಲ್ಲಿ ಒಂದು ರೋಬಸ್ಟಾ ಜಾತಿಯೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅರೇಬಿಕಾ ಹೂವು ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ತಂದೆಯೂ ಅದೇ, ತಾಯಿಯೂ ಅದೇ. ಒಂದು ಗಿಡದಲ್ಲಿ ಒಂದು ಗುಣದ ಎರಡು ಪ್ರತಿ ಬೇರೆ ಬೇರೆ ಇವೆ ಅಂದುಕೊಳ್ಳಿ. ಅದರ ಮಕ್ಕಳಲ್ಲಿ ಅರ್ಧದಷ್ಟು ಗಿಡಗಳಲ್ಲಿ ಮಾತ್ರ ಆ ಬೆರಕೆ ಉಳಿಯುತ್ತದೆ. ಉಳಿದವುಗಳಲ್ಲಿ ಎರಡೂ ಪ್ರತಿ ಒಂದೇ ಥರ. ಮೊಮ್ಮಕ್ಕಳಲ್ಲಿ ಬೆರಕೆ ಕಾಲು ಭಾಗ. ಮರಿಮಕ್ಕಳಲ್ಲಿ ಎಂಟರಲ್ಲಿ ಒಂದು. ಹೀಗೆ ಏಳೆಂಟು ಪೀಳಿಗೆ ಕಳೆದರೆ ಅಡಗಿ ಕೂರಲು ಜಾಗವೇ ಇರುವುದಿಲ್ಲ. ಬೀಜದಿಂದ ಬಂದ ಸಸಿ ತಾಯಿಯ ಹಾಗೇ ಇರುತ್ತದೆ ಅನ್ನುವುದಕ್ಕೆ ಕಾರಣ ಇದು.

ರೋಬಸ್ಟಾ ಹಾಗಲ್ಲ. ಅದರ ಹೂವು ತನ್ನದೇ ಗಿಡದ ಪರಾಗವನ್ನು ಒಪ್ಪುವುದೇ ಇಲ್ಲ. ಇದನ್ನು ತಡೆಯುವ ವ್ಯವಸ್ಥೆಯೂ ಜೀನ್‌ಗಳದ್ದೇ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಗಾಳಿ, ಜೇನು ಎಲ್ಲೆಲ್ಲಿಂದಲೋ ಪರಾಗ ತರುತ್ತವೆ. ಒಂದೇ ರೆಕ್ಕೆಯಲ್ಲಿ ಬಿಟ್ಟ ಹಣ್ಣುಗಳಿಗೂ ಅಪ್ಪಂದಿರು ಬೇರೆ ಬೇರೆ ಇರಬಹುದು. ತಾಯಿಯೊಳಗೂ ಪ್ರತಿಗಳು ಬೆರಕೆ, ಬರುವ ಪರಾಗವೂ ಬೆರಕೆ. ಸಸಿಗಳು ಒಂದರ ಹಾಗೆ ಒಂದಿಲ್ಲದೆ ಇರುವುದರಲ್ಲಿ ಆಶ್ಚರ್ಯ ಏನಿದೆ? ಅದಕ್ಕೇ ಒಳ್ಳೆ ರೋಬಸ್ಟಾ ಗಿಡ ಕಂಡರೆ ಬೀಜ ನಂಬುವುದಕ್ಕಿಂತ ಕಡ್ಡಿ ನೆಟ್ಟು ಬೇರು ಬರಿಸುವುದು, ಇಲ್ಲವೇ ಕಸಿ ಕಟ್ಟುವುದು ಮೇಲು. ಅಲ್ಲಿ ಜೀನ್‌ಗಳು ಚೂರೂ ಬದಲಾಗುವುದಿಲ್ಲ. ಹಾಗಂತ ಇಡೀ ತೋಟಕ್ಕೆ ಒಂದೇ ಗಿಡದ ಕಡ್ಡಿ ಹಾಕಿದರೆ ಪರಾಗ ಒಪ್ಪದೆ ಕಾಯಿ ಕಟ್ಟುವುದಿಲ್ಲ. ನಾಲ್ಕಾರು ತಾಯಿ ಗಿಡಗಳ ಕಡ್ಡಿ ಬೆರೆಸಿ ನೆಡಬೇಕು.

ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಈ ವಿದ್ಯೆ ಎಷ್ಟು ಕೆಲಸ ಮಾಡಿದೆ ಅನ್ನುವುದಕ್ಕೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೇ ಸಾಕ್ಷಿ. ಅಲ್ಲಿ ಕೆಲಸ ಶುರುವಾದದ್ದು 1925ರಲ್ಲಿ, ಮೈಸೂರು ಅರಸರ ಕಾಲದಲ್ಲಿ. ಆಗಿನ ದೊಡ್ಡ ಕಷ್ಟ ಎಲೆ ತುಕ್ಕು ರೋಗ. 1869ರಲ್ಲಿ ಸಿಲೋನ್‌ನಲ್ಲಿ ಕಾಣಿಸಿಕೊಂಡ ಈ ಶಿಲೀಂಧ್ರ ಅಲ್ಲಿನ ಕಾಫಿಯನ್ನು ನೆಲಕಚ್ಚಿಸಿ, ನಮ್ಮ ಬೆಟ್ಟಗಳಿಗೂ ಬಂತು. ಮೈಸೂರು ಸೀಮೆಯ ಒಂದು ತೋಟದಲ್ಲಿ ಸಿಕ್ಕ ಕೆಂಟ್ಸ್ ಅನ್ನುವ ಅರೇಬಿಕಾ ಕೆಲ ಕಾಲ ತುಕ್ಕನ್ನು ತಡೆಯಿತು. ಆಮೇಲೆ ಶಿಲೀಂಧ್ರವೇ ಬದಲಾಗಿ ಅದನ್ನೂ ಹಿಡಿಯಿತು. ಇನ್ನೊಂದು ಕಡೆ, ಅರೇಬಿಕಾಕ್ಕೂ ಲೈಬೀರಿಕಾ ಅನ್ನುವ ಬೇರೆ ಜಾತಿಗೂ ತಾನಾಗೇ ಕ್ರಾಸ್ ಆಗಿ ಹುಟ್ಟಿದ ಎಸ್.26 ಅನ್ನುವ ಗಿಡ ಇತ್ತು. ಅದರ ಸಂತಾನದಲ್ಲಿ ಆರಿಸಿದ್ದು ಎಸ್.288. ಲೈಬೀರಿಕಾದಿಂದ ಬಂದ ತುಕ್ಕು ತಡೆಯುವ ಒಂದು ಪ್ರಬಲ ಜೀನ್ ಅದರಲ್ಲಿತ್ತು. ಎಸ್.288ನ್ನು ಕೆಂಟ್ಸ್‌ಗೆ ಕ್ರಾಸ್ ಮಾಡಿ, ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತಾ ಬಂದು 1940ರ ದಶಕದಲ್ಲಿ ಬೆಳೆಗಾರರ ಕೈಗೆ ಕೊಟ್ಟದ್ದೇ ಎಸ್.795. ಇವತ್ತಿಗೂ ಎಷ್ಟೋ ತೋಟಗಳಲ್ಲಿ ಅರೇಬಿಕಾ ಅಂದರೆ 795. ಅಪ್ಪನಿಂದ ಒಂದು ತಡೆ, ಅಮ್ಮನಿಂದ ಇನ್ನೊಂದು ತಡೆ, ಎರಡನ್ನೂ ಒಂದೇ ಗಿಡದೊಳಗೆ ಕೂರಿಸಿದ್ದರು. ಡಿಎನ್‌ಎಯ ರಚನೆ ಏನೆಂದೇ ಗೊತ್ತಿಲ್ಲದ ಕಾಲದಲ್ಲಿ, ಬರೀ ಕಣ್ಣು, ತಾಳ್ಮೆ ಮತ್ತು ಮೆಂಡೆಲ್‌ನ ಲೆಕ್ಕ ಇಟ್ಟುಕೊಂಡು ಇಷ್ಟು ಮಾಡಿದರಲ್ಲ, ನನಗಂತೂ ಇದು ಬಹಳ ದೊಡ್ಡ ಕೆಲಸ ಅನ್ನಿಸುತ್ತದೆ.

ಆದರೆ ಶಿಲೀಂಧ್ರಕ್ಕೂ ಜೀನ್‌ಗಳಿವೆ, ಅವೂ ಬದಲಾಗುತ್ತವೆ. 795ರ ತಡೆಯೂ ಈಗ ಮೊದಲಿನಷ್ಟು ಗಟ್ಟಿ ಉಳಿದಿಲ್ಲ. ಹಾಸನದ ಆಲೂಗಡ್ಡೆಯಲ್ಲಿ ರೋಗದ ಅಪಾಯ ಇನ್ನೊಂದು ಥರ. ಅಲ್ಲಿಯ ರೈತರು ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ತರಿಸಿ ಕುಫ್ರಿ ಜ್ಯೋತಿ ಅನ್ನುವ ತಳಿ ಹಾಕುತ್ತಾರೆ. ಗಡ್ಡೆಯಿಂದ ಬಂದ ಗಿಡಗಳಿಗೆಲ್ಲ ಜೀನ್‌ಗಳು ಒಂದೇ. ಎಲ್ಲವೂ ಒಟ್ಟಿಗೆ ಹದಕ್ಕೆ ಬರುವುದು ಅನುಕೂಲ. ಆದರೆ ಅಂಗಮಾರಿ ರೋಗ ಹೊಕ್ಕರೆ, ತಡೆದುಕೊಳ್ಳುವ ಬೇರೆ ಥರದ ಗಿಡ ಒಂದೂ ಆ ಹೊಲದಲ್ಲಿ ಇರುವುದಿಲ್ಲ.

ಇನ್ನು ನಮ್ಮ ಮೈಗೆ ಬರೋಣ. ರಕ್ತದ ಗುಂಪು ಮೆಂಡೆಲ್ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಎ ಮತ್ತು ಬಿ ಎರಡೂ ಪ್ರಬಲ, ಓ ದುರ್ಬಲ. ಅಪ್ಪನ ಒಂದು ಪ್ರತಿ ಎ, ಇನ್ನೊಂದು ಓ. ಅಮ್ಮನದು ಒಂದು ಬಿ, ಒಂದು ಓ. ಇಬ್ಬರಿಂದಲೂ ಓ ಬಂದರೆ ಮಗು ಓ. ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ. ಇಷ್ಟು ತಿಳಿಯದೆ ಹೆಂಗಸರ ಮೇಲೆ ಮಾತು ಬರುತ್ತದಲ್ಲ, ಅದು ದೊಡ್ಡ ಅನ್ಯಾಯ. ಹೆಣ್ಣು ಹುಟ್ಟಿದ್ದಕ್ಕೆ ಸೊಸೆಯನ್ನು ದೂರುವುದೂ ಅಷ್ಟೇ ತಪ್ಪು. ತಾಯಿಯ ಅಂಡದಲ್ಲಿ ಇರುವುದು ಯಾವಾಗಲೂ ಎಕ್ಸ್ ಕ್ರೋಮೋಸೋಮ್. ತಂದೆಯ ವೀರ್ಯಾಣುಗಳಲ್ಲಿ ಅರ್ಧದಷ್ಟು ಎಕ್ಸ್, ಅರ್ಧದಷ್ಟು ವೈ. ಎಕ್ಸ್ ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ತಾಯಿ ಇದರಲ್ಲಿ ಏನೂ ಮಾಡಲು ಸಾಧ್ಯವಿಲ್ಲ, ತಂದೆಯ ಕೈಯಲ್ಲೂ ಇಲ್ಲ.

ಬಣ್ಣಗುರುಡು ಅಜ್ಜನಿಂದ ಮಗಳ ಮೂಲಕ ಮೊಮ್ಮಗನಿಗೆ ಹಾರುವುದು ಕೂಡ ಈ ಎಕ್ಸ್‌ನಿಂದಲೇ. ಕೆಂಪು ಹಸಿರು ಗುರುತಿಸುವ ಜೀನ್ ಎಕ್ಸ್ ಮೇಲಿದೆ. ಹೆಂಗಸರಿಗೆ ಎರಡು ಎಕ್ಸ್, ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಗಂಡಸರಿಗೆ ಇರುವುದೊಂದೇ. ಕುಯ್ಲಿನಲ್ಲಿ ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಬುಟ್ಟಿಗೆ ಹಾಕುವ ಗಂಡಾಳನ್ನು ಬೈಯುವ ಮೊದಲು, ಅವನ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತಿರಬಹುದು ಅನ್ನುವುದನ್ನೂ ಯೋಚಿಸಿ.

ಎತ್ತರ, ಮೈಬಣ್ಣದಂಥ ಗುಣಗಳಿಗೆ ಒಂದು ಜೀನ್ ಅಂತ ಇಲ್ಲ. ಹತ್ತಾರು, ನೂರಾರು ಜೀನ್‌ಗಳು ಸ್ವಲ್ಪ ಸ್ವಲ್ಪ ಪಾಲು ಹಾಕುತ್ತವೆ. ಊಟ, ಬಿಸಿಲು, ಬಾಲ್ಯದ ಕಾಯಿಲೆಗಳೂ ಸೇರಿಕೊಳ್ಳುತ್ತವೆ. ಆದ್ದರಿಂದ ಒಂದೇ ಮನೆಯ ಅಣ್ಣ ತಂಗಿಯರಲ್ಲೂ ಇಷ್ಟು ವ್ಯತ್ಯಾಸ.

ಕಾಯಿಲೆಗಳ ವಿಷಯ ಮಾತ್ರ ಸ್ವಲ್ಪ ನಿಂತು ನೋಡಬೇಕು. ಮಲೆನಾಡಿನಲ್ಲೇ ಒಂದು ಉದಾಹರಣೆ ಇದೆ. 1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿ ಹಿಡಿದು, ನಡೆಯಲಾರದಂತೆ ಮಾಡುವ ಕಾಯಿಲೆ ಗಮನಕ್ಕೆ ಬಂತು. ಆಮೇಲೆ ಚಿಕ್ಕಮಗಳೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಕಂಡಿತು. ಗದ್ದೆಗೆ ಹೊಡೆದ ಕೀಟನಾಶಕ ಕಾರಣ, ಗದ್ದೆಯ ಏಡಿ ತಿಂದದ್ದು ಕಾರಣ ಅಂತೆಲ್ಲ ಅನುಮಾನ ಹುಟ್ಟಿತ್ತು. ಮನೆತನಗಳ ವಂಶವೃಕ್ಷ ಬರೆದು ನೋಡಿದಾಗ ಪೀಳಿಗೆಯಿಂದ ಪೀಳಿಗೆಗೆ ಇಳಿದು ಬರುವ ಪ್ರಬಲ ಗುಣದ ಜಾಡು ಕಂಡಿತು. ಇಂಥ ಕಾಯಿಲೆಯಲ್ಲಿ ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧ. ಶಾಪ, ಪಾಪ ಅನ್ನುವ ಮಾತುಗಳಿಂದ ಆ ಕುಟುಂಬಗಳ ನೋವು ಹೆಚ್ಚುವುದೇ ಹೊರತು ಮತ್ತೇನಿಲ್ಲ.

ದುರ್ಬಲ ಗುಣದ ಕಾಯಿಲೆಗಳು ಇದಕ್ಕಿಂತ ಗುಟ್ಟಾಗಿರುತ್ತವೆ. ಕೆಟ್ಟ ಪ್ರತಿ ಒಂದೇ ಇದ್ದರೆ ಮನುಷ್ಯ ಆರೋಗ್ಯವಾಗೇ ಇರುತ್ತಾನೆ. ನಮ್ಮಲ್ಲಿ ಪ್ರತಿಯೊಬ್ಬರೂ ಇಂಥ ಕೆಲವು ಪ್ರತಿಗಳನ್ನು ಹೊತ್ತಿದ್ದೇವೆ. ಅದೇ ಕೆಟ್ಟ ಪ್ರತಿ ಇರುವ ಇನ್ನೊಬ್ಬರ ಜೊತೆ ಮದುವೆಯಾದಾಗ ಮಾತ್ರ ತೊಂದರೆ. ಹೊರಗಿನವರಲ್ಲಿ ಸರಿಯಾಗಿ ಅದೇ ಪ್ರತಿ ಇರುವುದು ಅಪರೂಪ, ನೆಂಟರಲ್ಲಿ ಅಷ್ಟು ಅಪರೂಪ ಅಲ್ಲ. ಸೋದರಿಕೆಯ ಮದುವೆಯ ಪ್ರಶ್ನೆ ಬರುವುದು ಇಲ್ಲಿ.

ಲೆಕ್ಕ ಹಾಕಿಯೇ ನೋಡೋಣ. ಒಬ್ಬ ಅಜ್ಜನಲ್ಲಿ ಒಂದು ಕೆಟ್ಟ ಪ್ರತಿ ಅಡಗಿದೆ ಅಂದುಕೊಳ್ಳಿ. ಅದು ಅವರ ಮಗನಿಗೆ ಬಂದಿರುವ ಸಾಧ್ಯತೆ ಅರ್ಧ. ಮಗಳಿಗೂ ಅರ್ಧ, ಆ ಮಗಳ ಮಗಳಿಗೆ ಕಾಲು. ಈಗ ಆ ಮಗ ತನ್ನ ಅಕ್ಕನ ಮಗಳನ್ನು ಮದುವೆಯಾಗುತ್ತಾನೆ. ಇಬ್ಬರಲ್ಲೂ ಅದು ಇರುವ ಸಾಧ್ಯತೆ ಎಂಟರಲ್ಲಿ ಒಂದು. ಮಗುವಿಗೆ ಎರಡೂ ಕಡೆಯಿಂದ ಅದೇ ಸೇರುವುದು ಅದರಲ್ಲಿ ಕಾಲು ಭಾಗ, ಅಂದರೆ 32ರಲ್ಲಿ ಒಂದು. ಅತ್ತೆ ಮಗ, ಮಾವನ ಮಗಳ ಮದುವೆಯಾದರೆ 64ರಲ್ಲಿ ಒಂದು. ಆ ಮಗ ಹೊರಗಿನ ಹುಡುಗಿಯನ್ನು ಮದುವೆಯಾದರೆ? ಊರಲ್ಲಿ 200 ಜನಕ್ಕೆ ಒಬ್ಬರಲ್ಲಿ ಆ ಪ್ರತಿ ಇದೆ ಅಂತ ಹಿಡಿದರೂ 1,600ರಲ್ಲಿ ಒಂದು. ಅಜ್ಜಿಯಲ್ಲೂ ಬೇರೆ ಯಾವುದೋ ಪ್ರತಿ ಅಡಗಿರಬಹುದು, ಅದನ್ನು ಪ್ರತ್ಯೇಕ ಲೆಕ್ಕ ಹಾಕಬೇಕು.

ನಮ್ಮಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅಣ್ಣ ತಂಗಿ, ಮದುವೆಯ ಮಾತೇ ಇಲ್ಲ. ಅತ್ತೆಯ ಮಗ, ಸೋದರಮಾವ ಆದರೆ ವರಸೆ ಸರಿ. ಜೀನ್‌ಗಳಿಗೆ ಈ ಭೇದ ತಿಳಿಯದು. ಚಿಕ್ಕಪ್ಪನ ಮಗಳಾಗಲಿ ಮಾವನ ಮಗಳಾಗಲಿ, ಹಂಚಿಕೊಂಡಿರುವ ಪಾಲು ಸರಾಸರಿ ಎಂಟರಲ್ಲಿ ಒಂದೇ. ಅಕ್ಕನ ಮಗಳ ಜೊತೆಗಾದರೆ ಅದರ ಎರಡರಷ್ಟು, ಕಾಲು ಭಾಗ.

ಇದನ್ನು ಓದಿ ಈಗಾಗಲೇ ಸಂಬಂಧದಲ್ಲಿ ಮದುವೆಯಾದವರು ಹೆದರಬೇಕಿಲ್ಲ. ಇಂಥ ದಂಪತಿಗಳಿಗೆ ಹುಟ್ಟುವ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇರುತ್ತವೆ. ಯಾವ ದಂಪತಿಗಾದರೂ ಹುಟ್ಟು ತೊಂದರೆಯ ಮಗು ಆಗುವ ಸಾಧ್ಯತೆ ನೂರಕ್ಕೆ ಎರಡು ಮೂರು ಇದ್ದೇ ಇರುತ್ತದೆ. ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ. ಮನೆತನದಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ, ಕಿವಿ ಕೇಳಿಸದ, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳು ಒಂದಕ್ಕಿಂತ ಹೆಚ್ಚು ಇದ್ದರೆ ಮಾತ್ರ ಮುಚ್ಚಿಡದೆ ಡಾಕ್ಟರ್ ಹತ್ತಿರ ಹೇಳಬೇಕು.

ಥಲಸ್ಸೇಮಿಯಾ ವಿಷಯದಲ್ಲಿ ಮೊದಲೇ ತಿಳಿದುಕೊಳ್ಳುವುದು ಸುಲಭ. ಒಂದೇ ಕೆಟ್ಟ ಪ್ರತಿ ಇರುವವರಿಗೆ ಸ್ವಲ್ಪ ರಕ್ತ ಕಡಿಮೆ ಇರಬಹುದು ಅಷ್ಟೇ. ಕಬ್ಬಿಣದ ಕೊರತೆ ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಏರದೇ ಹೋದಾಗ ಈ ಅನುಮಾನ ಬರಬೇಕು. ಎರಡೂ ಪ್ರತಿ ಕೆಟ್ಟ ಮಗುವಿಗೆ ಹುಟ್ಟಿ ವರ್ಷ ಎರಡು ವರ್ಷದೊಳಗೇ ರಕ್ತ ಕೊಡಲು ಶುರು ಮಾಡಬೇಕಾಗುತ್ತದೆ, ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲನೆಯ ಮಗುವಿಗೆ ಬಂದಾಯಿತು, ಇನ್ನು ಮೂರು ಮಕ್ಕಳಿಗೆ ಏನೂ ಆಗುವುದಿಲ್ಲ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಹಾಗಿಲ್ಲ. ಎರಡನೆಯ ಮಗುವಿಗೂ ಅದೇ ನಾಲ್ಕರಲ್ಲಿ ಒಂದು, ಮೂರನೆಯದಕ್ಕೂ ಅಷ್ಟೇ.

ಮದುವೆಗೆ ಮೊದಲು, ತಪ್ಪಿದರೆ ಬಸಿರಾಗುವ ಮೊದಲು, ಸಾಮಾನ್ಯ ರಕ್ತ ಪರೀಕ್ಷೆಯ ಜೊತೆ ಹಿಮೋಗ್ಲೋಬಿನ್ ಎ2 ಎಷ್ಟಿದೆ ಅಂತ ನೋಡಿಸಿದರೆ ಸಾಕು. ಒಬ್ಬರಿಗೆ ಮಾತ್ರ ಇದ್ದರೆ ಮಕ್ಕಳಿಗೆ ದೊಡ್ಡ ಕಾಯಿಲೆ ಬರುವುದಿಲ್ಲ. ಮದುವೆ ಮುರಿಯುವ ಪ್ರಶ್ನೆಯೇ ಇಲ್ಲ. ಇಬ್ಬರಿಗೂ ಇದೆ ಅಂತಾದರೆ ಬಸಿರಿನ ಮೂರನೇ ತಿಂಗಳ ಹೊತ್ತಿಗೆ ಮಾಸಿನ, ಅಂದರೆ ಜರಾಯುವಿನ, ಒಂದು ಚೂರು ತೆಗೆದು, ಮಗುವಿಗೆ ಯಾವ ಪ್ರತಿಗಳು ಹೋಗಿವೆ ಅಂತ ತಿಳಿಯಬಹುದು. ಆದ್ದರಿಂದ ಬಸಿರು ನಿಂತದ್ದು ಗೊತ್ತಾದ ಕೂಡಲೇ ಡಾಕ್ಟರನ್ನು ಕಾಣಬೇಕು. ಐದಾರು ತಿಂಗಳು ಕಳೆದ ಮೇಲೆ ಹೋದರೆ ಈ ಪರೀಕ್ಷೆಯ ಹೊತ್ತು ಮೀರಿರುತ್ತದೆ.